ಒಂದೇ ಹಾಡು, ನೂರಾರು ರೆಕಾರ್ಡಿಂಗ್: ಯಾವುದನ್ನು ಕೇಳೋದು, ಹೇಗೆ ಕೇಳೋದು?

ಪ್ರಶ್ನೆ: ‘ಆಟಮ್ ಲೀವ್ಸ್’ ಹಾಡನ್ನು ಹುಡುಕಿದರೆ ನೂರಾರು ರೆಕಾರ್ಡಿಂಗ್ ಸಿಗುತ್ತವೆ. ಒಂದರಲ್ಲಿ ಗಾಯನ, ಒಂದರಲ್ಲಿ ಬರೀ ಪಿಯಾನೊ, ಇನ್ನೊಂದರಲ್ಲಿ ಹತ್ತು ನಿಮಿಷಕ್ಕೂ ಜಾಸ್ತಿ ಟ್ರಂಪೆಟ್, ಸ್ಯಾಕ್ಸೊಫೋನ್. ಇವುಗಳಲ್ಲಿ ಅಸಲಿ ಯಾವುದು? ಒಂದಕ್ಕೂ ಇನ್ನೊಂದಕ್ಕೂ ಇರುವ ವ್ಯತ್ಯಾಸವನ್ನು ಸವಿಯುವುದು ಹೇಗೆ?

ಉತ್ತರ: ಅಸಲಿ ಯಾವುದು ಅನ್ನೋದನ್ನು ಬೇಗ ಹೇಳಿಬಿಡಬಹುದು. ಇದು ಫ್ರೆಂಚ್ ಹಾಡು. ಧಾಟಿ ಕಟ್ಟಿದವರು ಹಂಗೇರಿಯಲ್ಲಿ ಹುಟ್ಟಿ ಪ್ಯಾರಿಸ್ಸಿನಲ್ಲಿ ನೆಲೆಸಿದ ಜೋಸೆಫ್ ಕೋಸ್ಮಾ. ಸಾಹಿತ್ಯ ಕವಿ ಝಾಕ್ ಪ್ರೆವೆರ್ ಅವರದು. 1946ರ ಒಂದು ಸಿನಿಮಾಕ್ಕಾಗಿ ಇದು ಹಾಡಾಯಿತು, ಅದರಲ್ಲಿ ನಟಿಸಿದ ಈವ್ ಮೊಂತಾಂ ಇದನ್ನು ಜೀವನಪೂರ್ತಿ ಹಾಡಿದರು. ಆಮೇಲೆ ಅಮೆರಿಕದ ಜಾನಿ ಮರ್ಸರ್ ಇಂಗ್ಲಿಷ್ ಸಾಹಿತ್ಯ ಬರೆದರು.

ಸವಿಯೋದು ಹೇಗೆ ಅನ್ನೋದೇ ದೊಡ್ಡ ಪ್ರಶ್ನೆ. ನನ್ನ ಸಲಹೆ ಇಷ್ಟೇ: ಮೊದಲು ಧಾಟಿಯನ್ನು ಬಾಯಲ್ಲಿ ಗುನುಗಿ ಕಲಿಯಿರಿ. ನಮ್ಮ ಸ್ವರಗಳಲ್ಲೇ ಹೇಳುತ್ತೇನೆ. ನಠಭೈರವಿ ರಾಗದ ಸ್ವರಗಳನ್ನು ಇಟ್ಟುಕೊಳ್ಳಿ. ಮೊದಲ ಸಾಲು ‘ಸ ರಿ ಗ’ ಎಂದು ಹತ್ತಿ, ‘ದ’ಕ್ಕೆ ಹಾರಿ, ಅಲ್ಲೇ ಉದ್ದಕ್ಕೆ ನಿಲ್ಲುತ್ತದೆ. ಎರಡನೆಯದು ಕೆಳಗಿನ ‘ನಿ’ಯಿಂದ ಹೊರಟು ‘ನಿ ಸ ರಿ’, ನಿಲ್ಲುವುದು ‘ಪ’ದಲ್ಲಿ. ಮೂರನೆಯದು ‘ದ ನಿ ಸ’, ನಿಲ್ಲುವುದು ‘ಮ’ದಲ್ಲಿ. ನಾಲ್ಕನೆಯದು ‘ಪ ದ ನಿ’, ನಿಲ್ಲುವುದು ‘ಗ’ದಲ್ಲಿ. ಈ ಕೊನೆಯ ಸಾಲಿನಲ್ಲಿ ಮಾತ್ರ ‘ದ’, ‘ನಿ’ ಎರಡೂ ಸ್ವಲ್ಪ ಮೇಲಿನವು, ಗೌರಿಮನೋಹರಿ ರಾಗದಲ್ಲಿ ಬರುವಂಥವು. ಅಲ್ಲಿ ಮನಸ್ಸಿಗೆ ಏನೋ ಚುರುಕ್ ಅನ್ನುತ್ತದೆ, ಅಲ್ವಾ?

ಈಗ ನಿಂತ ಸ್ವರಗಳನ್ನಷ್ಟೇ ನೋಡಿ: ದ, ಪ, ಮ, ಗ. ಪ್ರತಿ ಸಾಲೂ ಮೇಲೇರಲು ನೋಡುತ್ತದೆ, ಆದರೆ ಪ್ರತಿ ಸಲ ಒಂದು ಮೆಟ್ಟಿಲು ಕೆಳಗೇ ನಿಲ್ಲುತ್ತದೆ. ಎಲೆ ಉದುರುವ ಕಾಲದಲ್ಲಿ ಕಳೆದುಹೋದ ಪ್ರೀತಿಯನ್ನು ನೆನೆಯುವ ಹಾಡಿದು. ಮಾತು ತೆಗೆದರೂ ಆ ಇಳಿತ ಧಾಟಿಯೊಳಗೇ ಇದೆ. ಬರೀ ವಾದ್ಯದಲ್ಲಿ ನುಡಿಸಿದಾಗಲೂ ಹಾಡು ಬಡವಾಗದೆ ಉಳಿಯುವುದು ಇದರಿಂದಲೇ ಎಂದು ನಾನು ನಂಬಿದ್ದೇನೆ.

ಯಾವ ರೆಕಾರ್ಡಿಂಗ್ ಹಾಕಿದರೂ ಆ ಉದ್ದದ ಸ್ವರ ಬಂದಾಗ ಕಿವಿ ನಿಮಿರಲಿ. ಅಲ್ಲಿ ಜಾಗ ಖಾಲಿ ಇದೆ. ಕಲಾವಿದರು ಅದನ್ನು ಏನು ಮಾಡುತ್ತಾರೆ?

ಮೊಂತಾಂ ಹಾಡಿದ್ದರಲ್ಲಿ ಪಲ್ಲವಿಗೆ ಮೊದಲು ಉದ್ದನೆಯ ಪೀಠಿಕೆ ಇದೆ. ಅದನ್ನು ಅವರು ಅರ್ಧ ಹಾಡುತ್ತಾರೆ, ಅರ್ಧ ಸುಮ್ನೆ ಮಾತಾಡುತ್ತಾರೆ. ಹಾಗಾಗಿ ಪಲ್ಲವಿ ಬರುವ ಹೊತ್ತಿಗೆ ಯಾರೋ ತಮ್ಮ ಕಥೆ ಹೇಳುತ್ತಾ ಹೇಳುತ್ತಾ ಹಾಡಿಗೆ ಜಾರಿದಂತಿರುತ್ತದೆ. ಇಂಗ್ಲಿಷಿನಲ್ಲಿ ಹಾಡುವವರು ಹೆಚ್ಚಾಗಿ ಈ ಪೀಠಿಕೆಯನ್ನು ಬಿಟ್ಟುಬಿಡುತ್ತಾರೆ. ನನಗೆ ಅದು ದೊಡ್ಡ ನಷ್ಟ ಅನಿಸುತ್ತದೆ.

ಅಮೆರಿಕದ ಗಾಯಕ ನ್ಯಾಟ್ ಕಿಂಗ್ ಕೋಲ್ ಮಾತ್ರ ನೇರ ಪಲ್ಲವಿಗೇ ಬಂದರೂ ಮನಸ್ಸು ಗೆಲ್ಲುತ್ತಾರೆ. ಒಂದೊಂದು ಅಕ್ಷರವೂ ಸ್ಪಷ್ಟ, ಎಲ್ಲೂ ಅಳು ಇಲ್ಲ. ದುಃಖವನ್ನು ಹೊರುವ ಕೆಲಸವನ್ನು ಹಿಂದಿರುವ ಪಿಟೀಲುಗಳಿಗೆ ಬಿಟ್ಟಿದ್ದಾರೆ. ಗಾಯಕಿ ಈವಾ ಕ್ಯಾಸಿಡಿ 1996ರಲ್ಲಿ ವಾಷಿಂಗ್ಟನ್ನಿನ ಒಂದು ಕ್ಲಬ್ಬಿನಲ್ಲಿ ಹಾಡಿದ್ದು ಇದಕ್ಕೆ ತದ್ವಿರುದ್ಧ. ತುಂಬಾ ನಿಧಾನ, ಉಸಿರೂ ಕೇಳಿಸುವಷ್ಟು ಹತ್ತಿರದ ದನಿ.

ಇನ್ನು ವಾದ್ಯ. 1955ರಲ್ಲಿ ರಾಜರ್ ವಿಲಿಯಮ್ಸ್ ಪಿಯಾನೊದಲ್ಲಿ ನುಡಿಸಿದ್ದು ಅಮೆರಿಕದಲ್ಲಿ ನಂಬರ್ 1 ಆಯಿತು. ಖಾಲಿ ಜಾಗವನ್ನೆಲ್ಲ ಅವರು ಮೇಲಿಂದ ಕೆಳಗೆ ಸರಸರನೆ ಇಳಿಯುವ ಸ್ವರಗಳಿಂದ ತುಂಬುತ್ತಾರೆ, ಹಿಂದೆ ಆರ್ಕೆಸ್ಟ್ರಾ. ಎಲೆ ಉದುರುವುದನ್ನು ಕಣ್ಣಿಗೆ ಕಟ್ಟಿಸುತ್ತಾರೆ ನಿಜ. ಆದರೆ ಮೂರು ಸಲ ಕೇಳಿದ ಮೇಲೆ ನನಗೆ ಅದು ಅಲಂಕಾರ ಜಾಸ್ತಿ ಅನಿಸುತ್ತದೆ.

ನನ್ನ ಮೆಚ್ಚಿನದು 1958ರಲ್ಲಿ ಕ್ಯಾನನ್‌ಬಾಲ್ ಆಡರ್ಲಿ ಅವರ ಆಲ್ಬಮ್ಮಿಗೆ ಮೈಲ್ಸ್ ಡೇವಿಸ್ ನುಡಿಸಿದ್ದು. ಟ್ರಂಪೆಟ್ಟಿನ ಬಾಯಿಗೆ ಮ್ಯೂಟ್ (ದನಿ ತಗ್ಗಿಸುವ ಮುಚ್ಚಳ) ಸಿಕ್ಕಿಸಿ, ಮೈಕಿಗೆ ತೀರಾ ಹತ್ತಿರ ಹಿಡಿದು ಊದುತ್ತಾರೆ. ಖಾಲಿ ಜಾಗವನ್ನು ಅವರು ತುಂಬುವುದೇ ಇಲ್ಲ, ಖಾಲಿಯಾಗಿಯೇ ಬಿಡುತ್ತಾರೆ. ಆಮೇಲೆ ಆಡರ್ಲಿ ಸ್ಯಾಕ್ಸೊಫೋನ್ ಎತ್ತಿಕೊಂಡು ಅದೇ ಜಾಗದಲ್ಲಿ ಧಾರಾಳವಾಗಿ ಮಾತಾಡುತ್ತಾರೆ. ಜಾಝ್‌ನಲ್ಲಿ ಧಾಟಿ ಮುಗಿದ ಮೇಲೂ ಅದರ ಕೆಳಗಿನ ಸ್ವರಮೇಳಗಳು (ಕಾರ್ಡ್‌ಗಳು, ಅಂದರೆ ಒಟ್ಟಿಗೆ ನುಡಿಯುವ ಸ್ವರಗಳ ಗುಂಪುಗಳು) ಅದೇ ಕ್ರಮದಲ್ಲಿ ಸುತ್ತುತ್ತಿರುತ್ತವೆ. ಮನೋಧರ್ಮ, ಅಂದರೆ ಆ ಕ್ಷಣದಲ್ಲೇ ಹೊಸದಾಗಿ ಕಟ್ಟಿ ನುಡಿಸುವುದು, ನಡೆಯುವುದು ಆ ಸುತ್ತಿನ ಮೇಲೆ. ಅವರು ನುಡಿಸುತ್ತಿರುವಾಗ ನೀವು ಒಳಗೊಳಗೇ ಮೂಲ ಧಾಟಿಯನ್ನು ಗುನುಗುತ್ತಿರಿ. ಹಾಡು ಎಲ್ಲಿದೆ ಅನ್ನೋದು ತಪ್ಪಿಹೋಗುವುದಿಲ್ಲ.

ಹೊಸಬರು ಕೋಲ್ ಅವರಿಂದ ಶುರು ಮಾಡಿ. ಆಮೇಲೆ ಮೊಂತಾಂ. ಮೈಲ್ಸ್ ಡೇವಿಸ್‌ಗೆ ಮಾತ್ರ ಬಿಡುವಿರುವ ಒಂದು ರಾತ್ರಿ ಇಟ್ಟುಕೊಳ್ಳಿ. ಹೆಡ್‌ಫೋನ್ ಹಾಕಿಕೊಂಡೇ ಕೇಳಿ, ಮೊಬೈಲ್ ಸ್ಪೀಕರಿನಲ್ಲಿ ಆ ಮ್ಯೂಟಿನ ಸಣ್ಣ ನಡುಕ ಸಿಗುವುದಿಲ್ಲ.