ದೋಷಸಂಖ್ಯೆ 190 ಬಂದಾಗ ಕೋಡ್ ಮುಟ್ಟಬೇಡಿ

ಹೋಂಸ್ಟೇ ನಡೆಸುವವರಿರಲಿ, ಕಾಫಿ ಪುಡಿ ಮಾರುವವರಿರಲಿ, ನನಗೆ ಫೋನ್ ಮಾಡಿ ಹೇಳುವ ಮಾತು ಒಂದೇ: "ಆ್ಯಪ್ ಕೆಟ್ಟಿದೆ, ಫೇಸ್‌ಬುಕ್‌ಗೆ ಏನೂ ಹೋಗುತ್ತಿಲ್ಲ." ಮಡಿಕೇರಿಯಲ್ಲಿ ಫೇಸ್‌ಬುಕ್‌ಗೆ ಬರಹ, ಚಿತ್ರ ಹಾಕುವ ಇಂಥ ಸಣ್ಣ ಆ್ಯಪ್‌ಗಳನ್ನು ಬರೆದುಕೊಡುವುದು ನನ್ನ ಕಸುಬು. ಕೆಲಸ ಕಲಿಯಲು ಬರುವ ಹುಡುಗರು ಈ ಮಾತು ಕಿವಿಗೆ ಬಿದ್ದ ಕೂಡಲೇ ಕೋಡ್ ತೆರೆದು ತಿದ್ದಲು ಕೂರುತ್ತಾರೆ. ನಾನು ತಡೆಯುತ್ತೇನೆ. ನಿನ್ನೆಯವರೆಗೆ ನಡೆದ ಆ್ಯಪ್ ಇಂದು ನಿಂತಿದೆ, ಕೋಡನ್ನು ಯಾರೂ ಮುಟ್ಟಿಲ್ಲ ಎಂದಾದರೆ ಬದಲಾಗಿರುವುದು ಹೆಚ್ಚಾಗಿ ಯಾರದೋ ಅನುಮತಿ.

ಅದು ಯಾರದು, ಯಾವುದು ಎಂಬುದನ್ನು ಫೇಸ್‌ಬುಕ್‌ನ ಗ್ರಾಫ್ ಎಪಿಐ, ಅಂದರೆ ಹೊರಗಿನ ಆ್ಯಪ್‌ಗಳು ಅದರ ಜೊತೆ ಮಾತಾಡುವ ಬಾಗಿಲು, ತನ್ನ ಉತ್ತರದಲ್ಲೇ ಬಹುಮಟ್ಟಿಗೆ ಹೇಳಿರುತ್ತದೆ. ಸಂದೇಶ, ಬಗೆ, ದೋಷಸಂಖ್ಯೆ, ಅನೇಕ ಸಲ ಉಪಸಂಖ್ಯೆ, ಜೊತೆಗೆ ಆ ಕೋರಿಕೆಯನ್ನು ಗುರುತಿಸುವ ಒಂದು ಟ್ರೇಸ್ ಐಡಿ ಅದರಲ್ಲಿರುತ್ತವೆ. ನಮ್ಮವರ ಕೋಡ್ ಮಾತ್ರ ಇದಿಷ್ಟನ್ನೂ ಎಸೆದು, ಪರದೆಯ ಮೇಲೆ "ಏನೋ ತಪ್ಪಾಗಿದೆ" ಎಂದು ಬರೆದು ಕೈ ತೊಳೆದುಕೊಳ್ಳುತ್ತದೆ. ಬಂದ ಉತ್ತರವನ್ನು ಇದ್ದ ಹಾಗೆಯೇ ಲಾಗ್‌ನಲ್ಲಿ (ಆ್ಯಪ್‌ನ ದಿನಚರಿ ಕಡತದಲ್ಲಿ) ಉಳಿಸದ ಆ್ಯಪನ್ನು ನಾನು ರಿಪೇರಿಗೆ ತೆಗೆದುಕೊಳ್ಳುವುದಿಲ್ಲ. ಮೊದಲು ಲಾಗ್ ಬರೆಯಿಸುತ್ತೇನೆ, ಉಳಿದ ಮಾತು ಆಮೇಲೆ.

ಅತಿ ಹೆಚ್ಚು ಕಾಣುವ ಸಂಖ್ಯೆ 190. ಟೋಕನ್, ಅಂದರೆ ಖಾತೆಯ ಪರವಾಗಿ ಕೆಲಸ ಮಾಡಲು ಆ್ಯಪ್‌ಗೆ ಸಿಕ್ಕ ಅನುಮತಿಚೀಟಿ, ನಡೆಯುತ್ತಿಲ್ಲ ಎಂದು ಅದರ ಅರ್ಥ. ಉಪಸಂಖ್ಯೆ 463 ಆಗಿದ್ದರೆ ಅವಧಿ ಮುಗಿದಿದೆ, 460 ಆಗಿದ್ದರೆ ಪಾಸ್‌ವರ್ಡ್ ಬದಲಾಗಿದೆ. ಲಾಗಿನ್ ಆದಾಗ ಸಿಗುವ ಟೋಕನ್ ಒಂದೆರಡು ಗಂಟೆಯಷ್ಟೇ ಬಾಳುತ್ತದೆ. ಅದನ್ನು ಕೊಟ್ಟು ಸುಮಾರು 60 ದಿನ ಬಾಳುವುದನ್ನು ಪಡೆಯಬಹುದು. ಆ ದೀರ್ಘಾವಧಿ ಟೋಕನ್‌ನಿಂದ ಫೇಸ್‌ಬುಕ್ ಪುಟದ ಟೋಕನ್ ಪಡೆದರೆ ಅದಕ್ಕೆ ಮುಗಿಯುವ ದಿನಾಂಕವೇ ಇಲ್ಲ. ಇಷ್ಟು ಓದಿದವರು ಇನ್ನು ಚಿಂತೆಯಿಲ್ಲ ಎಂದುಕೊಳ್ಳುತ್ತಾರೆ. ಆದರೆ ಆ ಟೋಕನ್ ಕೊಟ್ಟವರು ಒಬ್ಬ ಮನುಷ್ಯ. ನಮ್ಮ ಕಡೆ ಹೋಂಸ್ಟೇಯ ಪುಟ ತೆರೆದುಕೊಟ್ಟವನು ಸಾಮಾನ್ಯವಾಗಿ ಬೆಂಗಳೂರಿನಲ್ಲಿ ಓದುತ್ತಿರುವ ತಂಗಿಯ ಮಗ. ಅವನು ಅಲ್ಲಿ ಪಾಸ್‌ವರ್ಡ್ ಬದಲಿಸುತ್ತಾನೆ, ಇಲ್ಲಿ ಆ್ಯಪ್ ನಿಲ್ಲುತ್ತದೆ. ಅವನನ್ನು ಪುಟದ ಜವಾಬ್ದಾರಿಯಿಂದ ಕೈಬಿಟ್ಟರೂ ಇದೇ ಗತಿ. ಗಿರಾಕಿಗೆ ಬಿಸಿನೆಸ್ ಖಾತೆ ಮಾಡಿಸಿ, ಅದರಲ್ಲಿ ಸಿಸ್ಟಮ್ ಯೂಸರ್ (ಯಾವ ವ್ಯಕ್ತಿಗೂ ಸೇರದ ಬಳಕೆದಾರ ಖಾತೆ) ಸೃಷ್ಟಿಸಿ, ಅದರ ಹೆಸರಿನಲ್ಲೇ ಟೋಕನ್ ತೆಗೆಯುವುದು ಬಾಳಿಕೆ ಬರುವ ದಾರಿ. ಅಲ್ಲಿಯವರೆಗೆ ಆಕ್ಸೆಸ್ ಟೋಕನ್ ಡಿಬಗರ್ ಎಂಬ ಉಪಕರಣ ಕೈಯಲ್ಲಿರಲಿ. ಟೋಕನ್ ಅಂಟಿಸಿದರೆ ಅದು ಯಾರದು, ಯಾವ ಆ್ಯಪ್‌ನದು, ಯಾವ ಅನುಮತಿಗಳಿವೆ, ಎಂದಿಗೆ ಮುಗಿಯುತ್ತದೆ ಎಲ್ಲವನ್ನೂ ತೋರಿಸುತ್ತದೆ.

"ನನ್ನ ಮೊಬೈಲ್‌ನಲ್ಲಿ ಬರುತ್ತದೆ, ಅವರದರಲ್ಲಿ ಬರುವುದಿಲ್ಲ" ಎಂಬ ದೂರಿನ ಮೂಲವೂ ಕೋಡ್‌ನಲ್ಲಿರುವುದು ಕಡಿಮೆ. ಆ್ಯಪ್ ಇನ್ನೂ ಅಭಿವೃದ್ಧಿ ಸ್ಥಿತಿಯಲ್ಲಿದ್ದರೆ ನಿರ್ವಾಹಕ, ಡೆವಲಪರ್, ಪರೀಕ್ಷಕ ಎಂದು ಪಟ್ಟಿಯಲ್ಲಿ ಸೇರಿಸಿದವರಿಗೆ ಮಾತ್ರ ಅದು ಕೆಲಸ ಮಾಡುತ್ತದೆ. ಹೊರಗಿನವರ ಮಾಹಿತಿ ಬೇಕಾದರೆ ಆ್ಯಪ್ ಪರಿಶೀಲನೆಗೆ ಹೋಗಬೇಕು. ಫೇಸ್‌ಬುಕ್ ಬಳಕೆದಾರರ ಮಾಹಿತಿ ದುರ್ಬಳಕೆಯಾದ 2018ರ ಕೇಂಬ್ರಿಜ್ ಅನಾಲಿಟಿಕಾ ಹಗರಣದ ನಂತರ ಈ ಬಾಗಿಲು ಬಹಳ ಬಿಗಿಯಾಯಿತು. ಪ್ರತಿ ಅನುಮತಿ ಯಾಕೆ ಬೇಕೆಂದು ಬರೆದು, ಪರದೆಯ ವಿಡಿಯೊ ಮಾಡಿ ತೋರಿಸಬೇಕು. ಬೇಡದ ಅನುಮತಿ ಒಂದನ್ನು ಸೇರಿಸಿದರೂ ಅರ್ಜಿ ತಿರುಗಿ ಬರಬಹುದು. ವ್ಯಾಪಾರ ನಿಜವೆಂದು ದಾಖಲೆ ಕೊಟ್ಟು ತೋರಿಸುವ ದೃಢೀಕರಣದಲ್ಲಿ ಕೊಡಗಿನವರು ಎಡವುವುದು ಹೆಸರಿನಲ್ಲಿ. ಮನೆಹೆಸರಿನ ಇಂಗ್ಲಿಷ್ ಕಾಗುಣಿತ ಬೋರ್ಡ್‌ನಲ್ಲಿ ಒಂದು, ಪರವಾನಗಿಯಲ್ಲಿ ಇನ್ನೊಂದು, ಬ್ಯಾಂಕ್ ಪಾಸ್‌ಬುಕ್‌ನಲ್ಲಿ ಮತ್ತೊಂದು. ಅರ್ಜಿ ತುಂಬುವ ಮೊದಲು ದಾಖಲೆಯಲ್ಲಿರುವ ಕಾಗುಣಿತವನ್ನು ಅಕ್ಷರಕ್ಕೆ ಅಕ್ಷರ ಇಳಿಸಿಕೊಳ್ಳಿ.

ಇಲ್ಲಿನ ತೋಟಗಳಲ್ಲಿ ದಿನದ ಮಳೆಯನ್ನು ಇಂಚು, ಸೆಂಟ್ (ಇಂಚಿನ ನೂರರಲ್ಲೊಂದು ಭಾಗ) ಲೆಕ್ಕದಲ್ಲಿ ಬರೆದಿಡುತ್ತಾರೆ. ಆ ಲೆಕ್ಕವನ್ನು ದಿನವೂ ಪುಟಕ್ಕೆ ಹಾಕುವ ಪುಟ್ಟ ಪ್ರೋಗ್ರಾಂ ಒಂದು ಮಳೆಗಾಲವಿಡೀ ಚೆನ್ನಾಗಿ ನಡೆದು, ಜನವರಿಯಲ್ಲಿ 506 ಎಂದು ಹಟ ಹಿಡಿಯಿತು ಎನ್ನಿ. ಜುಲೈನಲ್ಲಿ ಅಂಕಿ ದಿನಕ್ಕೊಂದು, ಹಾಗಾಗಿ ಬರಹವೂ ದಿನಕ್ಕೊಂದು. ಜನವರಿಯಲ್ಲಿ ನಿನ್ನೆಯೂ "ಮಳೆ ಇಲ್ಲ", ಇಂದೂ "ಮಳೆ ಇಲ್ಲ". ಅದೇ ಬರಹ ಬೆನ್ನಿಗೆ ಬೆನ್ನು ಬಂದರೆ ಎಪಿಐ ಒಪ್ಪುವುದಿಲ್ಲ, 506ರ ಅರ್ಥವೇ ಅದು. ಸಾಲಿನಲ್ಲಿ ದಿನಾಂಕ ಸೇರಿಸಿದರೆ ಮುಗಿಯಿತು, ಕಾಫಿ ಹೂ ಅರಳಿಸುವ ಹೂಮಳೆಗೆ ಕಾಯಬೇಕಾಗಿಲ್ಲ. ಆ ದಿನಾಂಕ ಯಾವ ಗಡಿಯಾರದ್ದು ಎಂದೂ ನೋಡಿ. ಸರ್ವರ್ ಯುಟಿಸಿಯಲ್ಲಿ, ಅಂದರೆ ನಮ್ಮದಕ್ಕಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಸಮಯದಲ್ಲಿ, ಇದ್ದರೆ ನಮ್ಮ ಬೆಳಗಿನ 5.30ರವರೆಗೆ ಅಲ್ಲಿ ಹಿಂದಿನ ದಿನವೇ ನಡೆಯುತ್ತಿರುತ್ತದೆ.

ಕನ್ನಡಕ್ಕೆ ಅಂಟಿಕೊಂಡ ತೊಂದರೆಗಳು ಬೇರೆಯೇ. ಪುಟಕ್ಕೆ ಸಂದೇಶ ಬಂದಾಗ ವೆಬ್‌ಹುಕ್ ಮೂಲಕ ನಮ್ಮ ಸರ್ವರ್‌ಗೆ ಸುದ್ದಿ ಬರುತ್ತದೆ, ಜೊತೆಗೆ ಸುದ್ದಿ ಅವರದೇ ಎಂದು ತೋರಿಸಲು ಆ್ಯಪ್ ಸೀಕ್ರೆಟ್ ಎಂಬ ಗುಟ್ಟಿನ ಕೀಲಿಯಿಂದ ಮಾಡಿದ ಸಹಿ ಇರುತ್ತದೆ. ನಾವೂ ಲೆಕ್ಕ ಹಾಕಿ ಸಹಿ ಹೊಂದುತ್ತದೆಯೇ ಎಂದು ನೋಡಬೇಕು. "ರೂಮ್ ಇದೆಯಾ" ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಕೇಳಿದರೆ ಸಹಿ ಹೊಂದುತ್ತದೆ, ಕನ್ನಡದಲ್ಲಿ ಕೇಳಿದರೆ ಹೊಂದುವುದಿಲ್ಲ! ಕಾರಣ ಇದು: ಫೇಸ್‌ಬುಕ್‌ನ ಮಾಲೀಕ ಕಂಪನಿ ಮೆಟಾ ತನ್ನ ಸಹಿಯನ್ನು ಮಾಡುವುದು ಪ್ರತಿ ಕನ್ನಡ ಅಕ್ಷರವನ್ನು ಯುನಿಕೋಡ್ ಸಂಖ್ಯೆಯ ರೂಪಕ್ಕೆ ತಿರುಗಿಸಿದ ಪಠ್ಯದ ಮೇಲೆ. ನಮ್ಮ ಡೆವಲಪರ್ ಜೇಸನ್ ಎಂಬ ರೂಪದಲ್ಲಿ ಬಂದ ಮಾಹಿತಿಯನ್ನು ಬಿಚ್ಚಿ, ಮತ್ತೆ ಕಟ್ಟಿ, ಅದರ ಮೇಲೆ ಲೆಕ್ಕ ಹಾಕಿರುತ್ತಾನೆ. ಬಿಚ್ಚಿ ಕಟ್ಟುವಾಗ ಆ ಸಂಖ್ಯೆಗಳು ಮತ್ತೆ ಕನ್ನಡ ಅಕ್ಷರಗಳಾಗಿರುತ್ತವೆ. ಬಂದ ಬೈಟ್‌ಗಳನ್ನು ಬಿಚ್ಚುವ ಮೊದಲೇ ಸಹಿ ಪರೀಕ್ಷಿಸಿ.

"ಕೊಡಗು" ಎಂದು ಹುಡುಕಿದರೆ ಕೆಲವು ಕಾಮೆಂಟ್‌ಗಳು ಸಿಗದಿರುವುದೂ ಉಂಟು. ಒಕಾರದ ಚಿಹ್ನೆಯನ್ನು ಯುನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಎರಡು ಸಂಕೇತಗಳಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಡೇಟಾಬೇಸ್‌ಗೆ ಬೇರೆ ಬೇರೆ. ಉಳಿಸುವ ಮುನ್ನ ಎಲ್ಲವನ್ನೂ ಇಂಥ ಚಿಹ್ನೆಯನ್ನು ಒಂದೇ ಸಂಕೇತವಾಗಿಸುವ ಎನ್‌ಎಫ್‌ಸಿ ರೂಪಕ್ಕೆ ತನ್ನಿ. ಮೈಎಸ್‌ಕ್ಯುಎಲ್ ಎಂಬ ಡೇಟಾಬೇಸ್‌ನ ಹಳೆಯ ಅಕ್ಷರಪದ್ಧತಿ ಯುಟಿಎಫ್8ರಲ್ಲಿ ಒಂದು ಸಂಕೇತಕ್ಕೆ 3 ಬೈಟ್ ಮಾತ್ರ. ಕನ್ನಡ ಅದರಲ್ಲಿ ಹಿಡಿಯುತ್ತದೆ, 4 ಬೈಟ್‌ನ ಇಮೋಜಿ ಹಿಡಿಯುವುದಿಲ್ಲ. ಮೆಚ್ಚಿ ಬರೆದ ಅತಿಥಿಗಳ ಮಾತುಗಳೇ ಕಾಣೆಯಾಗುತ್ತಿದ್ದರೆ ಅಲ್ಲಿ ನೋಡಿ, ಯುಟಿಎಫ್8ಎಂಬಿ4ಕ್ಕೆ ಬದಲಿಸಿ.

ಇನ್‌ಸ್ಟಾಗ್ರಾಂಗೆ ಚಿತ್ರ ಹಾಕುವುದರಲ್ಲಿ ಗೊತ್ತಿರಬೇಕಾದದ್ದು ಎರಡು. ಚಿತ್ರದ ಕರಡಿನಂಥ ಕಂಟೈನರ್ ಮಾಡುವುದು ಒಂದು ಹೆಜ್ಜೆ, ಪ್ರಕಟಿಸುವುದು ಇನ್ನೊಂದು. ನಡುವೆ ಕಂಟೈನರ್ ಸಿದ್ಧವಾಯಿತೇ ಎಂದು ಕೇಳದೆ ಮುಂದೆ ಹೋಗಬಾರದು. ಮತ್ತು ಚಿತ್ರವನ್ನು ಅವರ ಸರ್ವರ್ ತಾನೇ ಬಂದು ಎತ್ತಿಕೊಳ್ಳುವುದಾದರೆ ನೀವು ಕೊಟ್ಟ ವಿಳಾಸದಲ್ಲಿ ನೇರ ಚಿತ್ರವೇ ಇರಬೇಕು. ಗೂಗಲ್ ಡ್ರೈವ್‌ನ ಹಂಚಿಕೆ ಲಿಂಕ್‌ನಲ್ಲಿ ಸಿಗುವುದು ಒಂದು ವೆಬ್ ಪುಟ.

ಅಂತರ್ಜಾಲದ ಪಾಠಗಳನ್ನು ನಂಬುವ ಮೊದಲು ಅವುಗಳ ವಯಸ್ಸು ನೋಡಿ. ಇನ್‌ಸ್ಟಾಗ್ರಾಂ ಬೇಸಿಕ್ ಡಿಸ್‌ಪ್ಲೇ ಎಪಿಐ 2024ರ ಡಿಸೆಂಬರ್ 4ರಂದೇ ಮುಚ್ಚಿದೆ, ಅದನ್ನು ಕಲಿಸುವ ವಿಡಿಯೊಗಳು ಇನ್ನೂ ಓಡುತ್ತಿವೆ. ಇನ್ನು ಎಲ್ಲವೂ ಒಟ್ಟಿಗೇ ನಿಂತರೆ ನಿಮ್ಮದನ್ನು ತಿದ್ದುವ ಮೊದಲು ಸೇವೆಗಳು ನಡೆಯುತ್ತಿವೆಯೇ ಎಂದು ತೋರಿಸುವ ಮೆಟಾದ ಸ್ಥಿತಿ ಪುಟ ತೆರೆಯಿರಿ. 2021ರ ಅಕ್ಟೋಬರ್ 4ರ ರಾತ್ರಿ 9 ದಾಟಿದ ಮೇಲೆ ಫೇಸ್‌ಬುಕ್, ಇನ್‌ಸ್ಟಾಗ್ರಾಂ, ವಾಟ್ಸ್‌ಆ್ಯಪ್ ಮೂರೂ ಸುಮಾರು 6 ಗಂಟೆ ಮಲಗಿದ್ದವು. ಅಂಥ ಹೊತ್ತಿನಲ್ಲಿ ಯಾರ ಕೋಡ್ ತಿದ್ದಿಯೂ ಫಲವಿಲ್ಲ.

ಸಹಾಯ ಕೇಳುವಾಗ ಪರದೆಯ ಫೋಟೊ ಸಾಲದು. ಪೂರ್ತಿ ಉತ್ತರ, ಟ್ರೇಸ್ ಐಡಿ, ಘಟನೆಯ ಸಮಯ ಕಳಿಸಿ. ಟೋಕನ್ ಮಾತ್ರ ಅಳಿಸಿ ಕಳಿಸಿ. ಆಗಲೇ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಅಂಟಿಸಿಬಿಟ್ಟಿದ್ದರೆ ಸಂದೇಶ ಅಳಿಸಿ ಪ್ರಯೋಜನವಿಲ್ಲ, ಆ ಟೋಕನ್ನನ್ನೇ ರದ್ದು ಮಾಡಿ ಹೊಸದು ತೆಗೆಯಿರಿ.