ಈಜು ಬರಲ್ಲ, ಸರ್ಫಿಂಗ್ ಕಲಿಬಹುದಾ?

ಮತ್ತೆ ಅದೇ ಪ್ರಶ್ನೆ. "ಬೀಚು ಸಮತಟ್ಟಾಗಿದೆ, ಅಲೆ ಚಿಕ್ಕದು, ನೀರು ಸೊಂಟದವರೆಗೆ ಅಷ್ಟೇ, ಬೋರ್ಡ್ ಹೇಗೂ ತೇಲುತ್ತೆ, ಬೋರ್ಡಿಂದ ಕಾಲಿಗೆ ಲೀಶ್ ಅನ್ನೋ ಹುರಿ ಬೇರೆ ಕಟ್ಟಿರ್ತಾರೆ, ಇನ್ನು ಈಜು ಯಾಕೆ?" ಎಷ್ಟು ಜನಕ್ಕೆ ಉತ್ತರ ಕೊಟ್ಟಿದ್ದೀನೋ ಲೆಕ್ಕ ಇಲ್ಲ, ಇವತ್ತು ಪೂರ್ತಿ ಬರೆದುಬಿಡ್ತೀನಿ.

ಲೈಫ್ ಜಾಕೆಟ್ ಹಾಕ್ಕೊಂಡು, ಟ್ರೇನರ್ ಪಕ್ಕದಲ್ಲೇ ನಿಂತು ಬೋರ್ಡ್ ಹಿಡ್ಕೊಂಡಿದ್ರೆ, ದಡದ ಹತ್ರ ನೊರೆ ಅಲೆಯಲ್ಲಿ ಒಂದು ಗಂಟೆ ಆಡಬಹುದು. ಅದು ಬರೀ ರುಚಿ ನೋಡೋದು. ಕಲೀಬೇಕು ಅಂದ್ರೆ ಈಜು ಬೇಕೇ ಬೇಕು.

ಈಗ ಆ ಲೀಶ್ ವಿಷಯಕ್ಕೆ ಬರೋಣ, ಯಾಕಂದ್ರೆ ಎಲ್ಲರ ಧೈರ್ಯ ನಿಂತಿರೋದೇ ಆ ದಾರದ ಮೇಲೆ. ಲೀಶ್ ಬಂದಿದ್ದು ಮನುಷ್ಯನ್ನ ಉಳಿಸೋಕಲ್ಲ, ಬೋರ್ಡ್ ಕೈತಪ್ಪಿ ಹೋಗದೇ ಇರೋಕೆ. ಅದು ಬರೋಕೆ ಮುಂಚೆ ಬಿದ್ದೋರು ದಡದವರೆಗೂ ಈಜ್ಕೊಂಡು ಹೋಗಿ ಬೋರ್ಡ್ ತಗೊಂಡು ವಾಪಸ್ ಬರಬೇಕಿತ್ತು, ಅಂದ್ರೆ ಈಜು ಬರದೋರು ನೀರಿಗಿಳಿಯೋ ಮಾತೇ ಇರ್ಲಿಲ್ಲ. ಇವತ್ತಿಗೂ ಅದು ಕಣಕಾಲಿಗೆ ವೆಲ್ಕ್ರೋ ಪಟ್ಟಿಯಲ್ಲಿ ಸುತ್ತಿರೋ ಪ್ಲಾಸ್ಟಿಕ್ ಹುರಿ ಅಷ್ಟೇ. ಪಟ್ಟಿ ಬಿಚ್ಚಿಕೊಳ್ಳುತ್ತೆ, ಬಿಸಿಲಿಗೆ ಹಳೇದಾದ ಹುರಿ ಒಂದು ಗಟ್ಟಿ ಎಳೆತಕ್ಕೆ ಕಿತ್ತು ಬರುತ್ತೆ, ಆಮೇಲೆ ಬೋರ್ಡ್ ಹಗುರ ಇರೋದ್ರಿಂದ ಅಲೆ ಅದನ್ನ ದಡಕ್ಕೆ ಒಯ್ದುಬಿಡುತ್ತೆ, ನೀವು ಮಾತ್ರ ಅಲ್ಲೇ ಉಳೀತೀರ. ಹುರಿ ಗಟ್ಟಿ ಇದ್ರೂ ಅಷ್ಟೇ, ಬೋರ್ಡ್ ಒಂದೆರಡು ಮೀಟರ್ ಆಚೆ ಇರುತ್ತೆ, ಮೂಗಿಗೆ ನೀರು ಹೋಗಿ ಗಾಬರಿಯಾಗಿರೋನು ಹುರಿ ಹುಡುಕಿ ಎಳ್ಕೊಳ್ಳೋವಷ್ಟು ಸಮಾಧಾನವಾಗಿ ಇರಲ್ಲ. ಆ ಸಮಾಧಾನ ಬರೋದೇ ಈಜು ಗೊತ್ತಿದ್ದಾಗ.

ಸೊಂಟದ ನೀರು ಅನ್ನೋದೂ ಅಷ್ಟೇ ಮೋಸ. ಒಂದು ಅಲೆ ಬಂದ್ರೆ ಅದೇ ನೀರು ಎದೆ ದಾಟುತ್ತೆ, ಎರಡು ಹೆಜ್ಜೆ ಪಕ್ಕಕ್ಕೆ ಮರಳಲ್ಲಿ ಗುಂಡಿ ಇರಬಹುದು. ಇನ್ನೊಂದು, ಇದನ್ನ ದಯವಿಟ್ಟು ನೆನಪಿಟ್ಕೊಳ್ಳಿ: ಎರಡೂ ಕಡೆ ಅಲೆ ಒಡೀತಾ ಇದ್ದು ಮಧ್ಯದಲ್ಲಿ ಒಂದು ಪಟ್ಟಿ ಮಾತ್ರ ಶಾಂತವಾಗಿ ಕಾಣ್ತಿದ್ರೆ, ಅದು ಸೇಫ್ ಜಾಗ ಅಲ್ಲ, ಹೆಚ್ಚಾಗಿ ಅದೇ ರಿಪ್ ಕರೆಂಟ್, ದಡಕ್ಕೆ ಬಂದ ನೀರು ವಾಪಸ್ ಸಮುದ್ರಕ್ಕೆ ಹೋಗೋ ದಾರಿ. ಈಜು ಬರದೋರು ಹುಡುಕ್ಕೊಂಡು ಹೋಗಿ ನಿಲ್ಲೋದು ಅಲ್ಲೇ! ಅದು ಕೆಳಗೆ ಎಳೆಯಲ್ಲ, ಆಚೆಗೆ ಒಯ್ಯುತ್ತೆ. ಜೋರಿದ್ದಾಗ ಸೆಕೆಂಡಿಗೆ 2 ಮೀಟರ್ ಮೇಲೆ ಹೋಗುತ್ತೆ, ಒಲಿಂಪಿಕ್ ಈಜುಗಾರನೂ ಅದರ ಎದುರು ಈಜಿ ಗೆಲ್ಲಕ್ಕಾಗಲ್ಲ, ದಡಕ್ಕೆ ಸಮಾನಾಂತರವಾಗಿ ಈಜಿ ಹೊರಗೆ ಬರಬೇಕು. ಸಾಲದಿದ್ರೆ ತೇಲ್ತಾ ಕೈ ಎತ್ತಿ ಕರೀಬೇಕು. ತೇಲೋದೂ ಕಲಿತಿರಬೇಕಲ್ಲ.

ಹಾಗಂತ ಚಾಂಪಿಯನ್ ಆಗಬೇಕಿಲ್ಲ. ಕಾಲು ಊರದೆ 200 ಮೀಟರ್ ಈಜಿ, ಕಾಲು ಸಿಗದ ನೀರಲ್ಲಿ ಐದು ನಿಮಿಷ ಆರಾಮಾಗಿ ಇರೋಕಾದ್ರೆ ನಾನು ಖುಷಿಯಾಗಿ ಬೋರ್ಡ್ ಕೊಡಿಸ್ತೀನಿ. ಶುರುವಿಗೆ 8-9 ಅಡಿಯ ಫೋಮ್ ಬೋರ್ಡೇ ತಗೊಳ್ಳಿ, ಚಿಕ್ಕದು ಸುಲಭ ಅಲ್ಲ, ಕಷ್ಟ.

ಎದ್ದು ನಿಲ್ಲೋದು ಹೇಗೆ ಅಂತ ಎಲ್ಲರೂ ಕೇಳ್ತಾರೆ, ಬೀಳೋದು ಹೇಗೆ ಅಂತ ಯಾರೂ ಕೇಳಲ್ಲ, ಮೊದಲ ವಾರ ಪೂರ್ತಿ ಮಾಡೋದು ಅದನ್ನೇ ಆದ್ರೂ. ತಲೆ ಮುಂದಾಗಿ ಡೈವ್ ಹೊಡೀಬೇಡಿ, ಕೆಳಗೆ ಮರಳು ಹತ್ತಿರಾನೇ ಇರುತ್ತೆ, ಕುತ್ತಿಗೆಗೆ ಪೆಟ್ಟಾಗುತ್ತೆ. ಬೆನ್ನು ಅಥವಾ ಪಕ್ಕ ಕೊಟ್ಟು ಅಗಲವಾಗಿ ಬಿದ್ದು, ಎರಡೂ ಕೈಯಿಂದ ತಲೆ ಮುಚ್ಕೊಂಡೇ ಮೇಲೆ ಬನ್ನಿ, ಯಾಕಂದ್ರೆ ಲೀಶ್ ಎಳೆದ ಬೋರ್ಡ್ ಸೀದಾ ನಿಮ್ಮ ಕಡೆಗೇ ವಾಪಸ್ ಬರುತ್ತೆ. ವೆಟ್‌ಸೂಟ್‌ಗೆ (ತಣ್ಣೀರಲ್ಲಿ ಮೈ ಬೆಚ್ಚಗಿಡೋ ರಬ್ಬರ್ ಉಡುಪು) ಹೆಸರಾದ ಅಮೆರಿಕದ ಸರ್ಫರ್ ಜಾಕ್ ಓನೀಲ್ 1971ರಲ್ಲಿ ಎಡಗಣ್ಣು ಕಳ್ಕೊಂಡಿದ್ದು ಹೀಗೇ, ಆಗಿನ ಲೀಶ್ ರಬ್ಬರಿನಂತೆ ಜಗ್ಗಿ ಬೋರ್ಡನ್ನ ಮುಖಕ್ಕೆ ತಂದು ಹೊಡೀತು. ಈಗಿನವು ಅಷ್ಟು ಜಗ್ಗಲ್ಲ, ಆದ್ರೂ ಮೇಲೆ ಬಂದು ಬೋರ್ಡ್ ಎಲ್ಲಿದೆ ಅಂತ ನೋಡೋವರೆಗೂ ಕೈ ಇಳಿಸಬೇಡಿ.