ಪ್ರಾಣವಾಯುವಿಗೆ ಚೀನೀಯರು ಇಟ್ಟ ಹೆಸರು

'ಮೆಗ್ನೀಸಿಯಂ' ಎಂದು ಕೇಳಿದ್ದನ್ನು ನಾವು ಕೇಳಿದ ಹಾಗೆಯೇ ಬರೆದುಬಿಡುತ್ತೇವೆ. ಚೀನೀ ಅನುವಾದಕರಿಗೆ ಆ ಅನುಕೂಲವಿಲ್ಲ. ಅವರ ಲಿಪಿಯಲ್ಲಿ ಅಕ್ಷರಗಳು ಉಚ್ಚಾರದ ಜೊತೆಗೆ ಅರ್ಥವನ್ನೂ ಹೊತ್ತಿರುತ್ತವೆ. ಬರಿಯ ಧ್ವನಿಗೆಂದು ಬಳಸಿದರೂ ಓದುಗರ ಕಣ್ಣು ಅರ್ಥವನ್ನು ಹುಡುಕುತ್ತದೆ. ಈ ತೊಡಕೇ ಅಲ್ಲಿನ ವಿಜ್ಞಾನ ಅನುವಾದವನ್ನು ಹದಗೊಳಿಸಿತು ಎಂದು ನಾನು ನಂಬುತ್ತೇನೆ.

1868ರಲ್ಲಿ ಶಾಂಘೈಯ ಶಸ್ತ್ರಾಗಾರವೊಂದರಲ್ಲಿ ಅನುವಾದ ವಿಭಾಗ ಆರಂಭವಾಯಿತು. ಇಂಗ್ಲೆಂಡಿನ ಜಾನ್ ಫ್ರೈಯರ್ ಪುಸ್ತಕ ನೋಡಿಕೊಂಡು ಚೀನೀ ಭಾಷೆಯಲ್ಲಿ ಬಾಯಿಮಾತಾಗಿ ಹೇಳುತ್ತಿದ್ದರು, ಚೀನೀ ವಿದ್ವಾಂಸ ಶೂ ಷೋ ಅದನ್ನು ಬರಹಕ್ಕಿಳಿಸುತ್ತಿದ್ದರು. 1871ರಲ್ಲಿ ಹೊರಬಂದ ಅವರ ರಸಾಯನಶಾಸ್ತ್ರದ ಪುಸ್ತಕ ಧಾತುಗಳಿಗೆ ಹೆಸರಿಡುವ ಸೊಗಸಾದ ದಾರಿ ತೋರಿಸಿತು: ಮೂಲ ಹೆಸರಿನಿಂದ ಒಂದೇ ಒಂದು ಉಚ್ಚಾರ, ಅದರ ಮಗ್ಗುಲಲ್ಲಿ ಗುಣದ ಗುರುತು. ಮೆಗ್ನೀಸಿಯಂ 'ಮೇ' ಆಯಿತು, ಪಕ್ಕದಲ್ಲಿ ಲೋಹದ ಚಿಹ್ನೆ. ಘನರೂಪದ ಅಲೋಹಗಳಿಗೆ ಕಲ್ಲಿನ ಚಿಹ್ನೆ. ಅನಿಲಗಳಿಗೆ ಆವಿಯ ಚಿಹ್ನೆ ಮುಂದೆ ಬಂದು ಸೇರಿತು. ರಸಾಯನಶಾಸ್ತ್ರ ಓದದವರೂ ಅಕ್ಷರ ನೋಡಿ ಇದು ಲೋಹ, ಇದು ಅನಿಲ ಎಂದು ಗುರುತಿಸಬಹುದು.

ಆಮ್ಲಜನಕದ ಕಥೆ ನನಗೆ ಇನ್ನೂ ಪ್ರಿಯ. ಆಮ್ಲಗಳಿಗೆಲ್ಲ ಈ ಅನಿಲವೇ ಕಾರಣ ಎಂದು ಫ್ರೆಂಚ್ ವಿಜ್ಞಾನಿ ಲವಾಸಿಯೇ ತಪ್ಪಾಗಿ ತಿಳಿದು 'ಆಕ್ಸಿಜನ್' ಎಂದರು. ನಮ್ಮ 'ಆಮ್ಲಜನಕ'ವೂ ಜಪಾನೀಯರ 'ಸಾನ್ಸೋ'ವೂ ಆ ತಪ್ಪನ್ನು ಇಂದಿಗೂ ಹೊತ್ತಿವೆ. ಚೀನೀ ಭಾಷೆಯಲ್ಲಿ ಮಾತ್ರ, 1855ರಲ್ಲೇ ಹಾಬ್ಸನ್ ಎಂಬ ವೈದ್ಯರ ಪುಸ್ತಕ ಇದನ್ನು 'ಯಾಂಗ್ ಚೀ', ಅಂದರೆ ಪೋಷಿಸುವ ಅನಿಲ, ಎಂದು ಕರೆಯಿತು. ಇಂದಿನ ಅಕ್ಷರ ಬೇರೆಯಾದರೂ ಉಚ್ಚಾರ ಅದೇ 'ಯಾಂಗ್'. ನಮ್ಮ 'ಪ್ರಾಣವಾಯು' ಇದಕ್ಕೆ ಹತ್ತಿರದ್ದು. ಜಲಜನಕ ಅವರಿಗೆ ಹಗುರ ಅನಿಲ. ಸಾರಜನಕ ತೆಳುಗೊಳಿಸುವ ಅನಿಲ, ಗಾಳಿಯಲ್ಲಿ ಆಮ್ಲಜನಕವನ್ನು ಅದು ತೆಳುವಾಗಿಸುತ್ತದೆ ಎಂದು.

ವಾಕ್ಯಗಳಲ್ಲೂ ಇಂಥದೇ ಧೈರ್ಯವನ್ನು ಚೀನೀ ಅನುವಾದಕ ಯೆನ್ ಫು ತೋರಿದರು. ವಿಕಾಸವಾದದ ಕುರಿತು ಥಾಮಸ್ ಹಕ್ಸ್‌ಲಿ ಬರೆದ ಪುಸ್ತಕದಲ್ಲಿ 'ನಾನು ಬರೆಯುತ್ತಿರುವ ಕೋಣೆಯ ಕಿಟಕಿ' ಎಂಬ ಮಾತು ಬರುತ್ತದೆ. 1898ರ ಯೆನ್ ಫು ಅನುವಾದದಲ್ಲಿ ಆ 'ನಾನು' ಇಲ್ಲ. ಹಕ್ಸ್‌ಲಿ ಒಬ್ಬರೇ ಕೋಣೆಯಲ್ಲಿ ಕುಳಿತಿದ್ದಾರೆ, ಬೆನ್ನಿಗೆ ಬೆಟ್ಟ, ಎದುರಿಗೆ ಬಯಲು. ಹಳೆಯ ಇತಿಹಾಸಗ್ರಂಥ ಓದಿ ಬೆಳೆದ ವಿದ್ವಾಂಸರಿಗೆ ಈ ಧಾಟಿ ಪರಿಚಿತವಾಗಿತ್ತು. ಒಂದು ಪದವನ್ನು ಗೊತ್ತುಮಾಡಲು ಹತ್ತು ದಿನ, ತಿಂಗಳುಗಟ್ಟಲೆ ತಡವರಿಸಿದ್ದಾಗಿ ಯೆನ್ ಫು ಅವರೇ ಬರೆದಿದ್ದಾರೆ.

ಲೇಸರ್ ಬಂದಾಗ ಚೀನಾದಲ್ಲಿ ಮೊದಲು ಧ್ವನಿಯನ್ನಷ್ಟೇ ಅನುಕರಿಸಿದರು. 1964ರಲ್ಲಿ ವಿಜ್ಞಾನಿ ಚಿಯಾನ್ ಶುವೆಸೆನ್ 'ಜೀಗ್ವಾಂಗ್' ಎಂಬ ಪದ ಸೂಚಿಸಿದರು: ಉದ್ದೀಪಿಸಿದ ಬೆಳಕು. ಎರಡು ಅಕ್ಷರಗಳಲ್ಲಿ ಭೌತವಿಜ್ಞಾನವೇ ಅಡಗಿದೆ. ತೈವಾನಿನಲ್ಲಿ ಬಳಕೆಯಾಗುವ 'ಲೇಶ' ಧ್ವನಿಗೆ ನಿಷ್ಠವಾದರೂ ಅದರ ಅಕ್ಷರಗಳಿಗೆ 'ಗುಡುಗು' ಮತ್ತು 'ಎಸೆತ' ಎಂಬ ಅರ್ಥ. ಲೇಸರ್‌ಗೂ ಗುಡುಗಿಗೂ ಸಂಬಂಧವಿಲ್ಲ.

2017ರ ಮೇ ತಿಂಗಳಲ್ಲಿ ನಾಲ್ಕು ಹೊಸ ಧಾತುಗಳಿಗೆ ಚೀನೀ ಹೆಸರುಗಳು ಪ್ರಕಟವಾದವು. 118ನೆಯ ಧಾತು ಒಗನೆಸಾನ್‌ಗೆಂದು ಆವಿಯ ಚಿಹ್ನೆಯ ಕೆಳಗೆ 'ಆವ್' ಎಂಬ ಉಚ್ಚಾರದ ಅಕ್ಷರ ಸೇರಿಸಿ ಹೊಸ ಅಕ್ಷರವನ್ನೇ ಕಟ್ಟಿದರು, ಅದು ಜಡಾನಿಲಗಳ ಸಾಲಿನಲ್ಲಿದೆ ಎಂಬ ಕಾರಣಕ್ಕೆ. ಇದುವರೆಗೆ ಅದರ ಕೆಲವೇ ಪರಮಾಣುಗಳು ತಯಾರಾಗಿವೆ. ಸಾಮಾನ್ಯ ಉಷ್ಣತೆಯಲ್ಲಿ ಅದು ಘನವಸ್ತುವಾಗಿರುತ್ತದೆ ಎನ್ನುತ್ತವೆ ಇತ್ತೀಚಿನ ಸೈದ್ಧಾಂತಿಕ ಲೆಕ್ಕಾಚಾರಗಳು.